ಒಂಟೆ ತಿಂದ ಪ್ಯಾದೆ

ಚೆಸ್‌ನಲ್ಲಿ ಸೋಲುವುದು ನನಗೆ ಹೊಸದಲ್ಲ. ಆದರೆ ಕಳೆದ ಭಾನುವಾರದ್ದು ಸೋಲೇ ಅಲ್ಲ ಅಂತ ನನಗೆ ಖಾತ್ರಿಯಿತ್ತು. 28ನೇ ನಡೆಯವರೆಗೆ ಗೆಲ್ಲುತ್ತಿದ್ದವನು ನಾನೇ. ಸೂಪರ್ ಮಾರ್ಕೆಟ್‌ನ ಚೆಸ್ ಕ್ಲಬ್ಬಿನಿಂದ ಮನೆ ಮುಟ್ಟುವಷ್ಟರಲ್ಲಿ ಇದನ್ನು ಆಟೋದವನಿಗೂ ಹೇಳಿ ಮುಗಿಸಿದ್ದೆ. ಅವನು "ಹೌದೇನ್ರಿ?" ಎಂದು 10 ರೂಪಾಯಿ ಜಾಸ್ತಿ ತಗೊಂಡ.

ಎದುರಾಳಿ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕಾಕಾ. ತೊಗರಿ ಕಾಳು ಎಣಿಸಿದ ಹಾಗೆ ಯೋಚಿಸುತ್ತಾರೆ. ಮಾತಿಲ್ಲ, ಕತೆಯಿಲ್ಲ.

ಸಂಜೆ ಸ್ಟಾಕ್‌ಫಿಶ್ ಹಚ್ಚಿದೆ. ಪುಕ್ಕಟೆ ಸಿಗುವ ಚೆಸ್ ಪ್ರೋಗ್ರಾಂ, ಆದರೆ ಯಾವ ಗ್ರ್ಯಾಂಡ್‌ಮಾಸ್ಟರೂ ಅದರ ಮುಂದೆ ನಿಲ್ಲುವುದಿಲ್ಲ. ಅದರಿಂದ ನನಗೆ ಒಂದು ಸರ್ಟಿಫಿಕೇಟ್ ಬೇಕಿತ್ತು, ಅಷ್ಟೇ. ಆಡುವಾಗ ನಡೆ ಬರೆದುಕೊಂಡಿದ್ದ ಹಾಳೆ ನೋಡಿ ಒಂದೊಂದಾಗಿ ತುಂಬಿಸುತ್ತ ಹೋದೆ. 11ನೇ ನಡೆಗೆ ಅದು ನಿಂತೇಬಿಟ್ಟಿತು. ಕುದುರೆ ಅಲ್ಲಿಗೆ ಹೋಗಲು ಬರುವುದಿಲ್ಲವಂತೆ.

ಕ್ಲಬ್ಬಿನ ರೆಕ್ಸಿನ್ ಹಾಸಿನ ಅಂಚಿನ ಅಕ್ಷರ, ಅಂಕಿ ಎಲ್ಲ ಅಳಿಸಿಹೋಗಿವೆ. ಮನೆಗಳನ್ನು ಬಿಳಿ ಕಾಯಿಯವರ ಕಡೆಯಿಂದ ಎಣಿಸಬೇಕು. ಕಪ್ಪು ಹಿಡಿದ ನಾನು ನಡುನಡುವೆ ನನ್ನ ಕಡೆಯಿಂದ ಎಣಿಸಿದ್ದೆ. 6 ಇರಬೇಕಾದಲ್ಲಿ 3. ಎಲ್ಲ ಕಡೆ ತಪ್ಪಿದ್ದರೆ ತಿರುಗಿಸಿ ಓದಬಹುದಿತ್ತು. ಮನಸ್ಸು ಬಂದಾಗ ಸರಿಯಾಗಿಯೂ ಬರೆದಿದ್ದೇನೆ. ಮೇಲಿಂದ ಮೇ ತಿಂಗಳ ಕಲಬುರಗಿ, 40 ಡಿಗ್ರಿ ದಾಟಿದ ಮಧ್ಯಾಹ್ನ. ಬೆವರಿದ ಅಂಗೈ ಇಟ್ಟಲ್ಲೆಲ್ಲ ಶಾಯಿ ಹರಡಿದೆ. 17ನೇ ನಡೆಯಂತೂ ನೆನೆದ ಕಿರಾಣಿ ಚೀಟಿ.

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಮಧ್ಯಾಹ್ನ ಸೋತು ಬಂದ್ರಿ. ಈಗ ರಾತ್ರಿ ಆಗ್ಯದ. ಇನ್ನಾ ಸೋಲ್ಲಿಕತ್ತೀರೇನ್ರಿ?"

ಅಂತೂ ಒಂಬತ್ತೂವರೆಗೆ 28ನೇ ನಡೆಗೆ ಬಂದೆ. ಅಲ್ಲಿ ನನ್ನ ಒಂಟೆ ಎಚ್2 ಮನೆಯ ಪ್ಯಾದೆ ತಿಂದಿತ್ತು. ಇಂಗ್ಲಿಷಿನವರು ಒಂಟೆಯನ್ನು ಬಿಷಪ್ ಅಂತಾರೆ. ಬಿಷಪ್ ಆದರೆ ಒಂದು ಹೊತ್ತು ಉಪವಾಸ ಇದ್ದಾನು. ನಮ್ಮದು ಒಂಟೆ, ಎಲೆ ಕಂಡಲ್ಲಿ ಕತ್ತು ಚಾಚುತ್ತದೆ. ಕಾಕಾ ಪಕ್ಕದ ಪ್ಯಾದೆಯನ್ನು ಒಂದು ಮನೆ ಸರಿಸಿ ಬಾಗಿಲು ಹಾಕಿದರು. ಆಮೇಲೆ ಅವರ ರಾಜ ಅಡ್ಡಾಡುತ್ತ ಬಂದು ಒಂಟೆಯನ್ನು ಎತ್ತಿಕೊಂಡು ಹೋದ.

ಇದಕ್ಕೆ ನನ್ನ ಬಳಿ ಉತ್ತರ ಇತ್ತು. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಬಾಬಿ ಫಿಶರ್, ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಎದುರಿನ ಮೊದಲ ಆಟದಲ್ಲಿ ಒಂಟೆಯಿಂದ ಹೊಡೆದದ್ದೂ ಇದೇ ಎಚ್2 ಪ್ಯಾದೆ. ಬಾಗಿಲು ಬಿದ್ದದ್ದೂ ಹೀಗೇ. ಆ ಆಟ ಸೋತರೂ ಕೊನೆಗೆ ವಿಶ್ವ ಚಾಂಪಿಯನ್ ಆದ. ಅವನದು 29ನೇ ನಡೆ, ನಾನು ಒಂದು ನಡೆ ಮೊದಲೇ ಮಾಡಿದ್ದೆ! ಇದನ್ನು ಅಡುಗೆಮನೆಗೆ ಹೋಗಿ ಹೇಳಿದೆ.

"ಅವರದು ಊಟ ಆಗಿತ್ತೇನು?" ಎಂದಳು.

ಸ್ಟಾಕ್‌ಫಿಶ್ ಮಾತ್ರ ಒಂಟೆಯ ಸುದ್ದಿಯನ್ನೇ ಎತ್ತಲಿಲ್ಲ. ಒಳ್ಳೆಯ ನಡೆ ತೋರಿಸುವ ಅದರ ಬಾಣ ಕುದುರೆಯ ಮೇಲಿತ್ತು. ಕಾಕಾ ಆಗಷ್ಟೇ ಆನೆಯನ್ನು ಡಿ1ಕ್ಕೆ ತಂದಿದ್ದರು, ರಾಜ ಇ2ರಲ್ಲಿ. ನನ್ನ ಕುದುರೆ ಸಿ3ಕ್ಕೆ ಹಾರಿದ್ದರೆ ರಾಜನಿಗೆ ಚೆಕ್, ಆನೆ ನನ್ನ ಜೇಬಿಗೆ. ಅಲ್ಲಿಯವರೆಗೆ ನಾನು ಸೋಲುತ್ತಲೇ ಇದ್ದೆನಂತೆ. ಗೆಲ್ಲುತ್ತಿದ್ದದ್ದು ಅದೊಂದೇ ಗಳಿಗೆ.

ಆ ಗಳಿಗೆ ಚೆನ್ನಾಗಿ ನೆನಪಿದೆ. ಆನೆ ಇಟ್ಟವರೇ ಕಾಕಾ ಎದ್ದು ಹೋಗಿ, ಎರಡು ಲೋಟ ನೀರು ಕುಡಿದು, ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಿದ್ದರು. ಎಷ್ಟು ಧೈರ್ಯ ಅಂದುಕೊಂಡಿದ್ದೆ.

ತಡೆಯಲಾಗದೆ ಫೋನ್ ಮಾಡಿದೆ. "ಕಾಕಾ, ನಿಮ್ಮ ಆನಿ ಹೋಗ್ತಿತ್ರಿ. ಇಬ್ಬರಿಗೂ ಕಾಣಲಿಲ್ಲ ನೋಡ್ರಿ."

"ನನಗ ಇಟ್ಟ ಕೂಡ್ಲೇ ಕಂಡಿತ್ತು ತಮ್ಮಾ," ಎಂದರು. "ನನ್ನ ಮಾರಿ ನೋಡಿದ್ರ ನಿನಗೂ ಗೊತ್ತಾಗ್ತದಂತ ನೀರು ಕುಡೀಲಿಕ್ಕೆ ಎದ್ದೆ. ಎರಡನೇ ಲೋಟ ನನಗ ಬೇಕಾಗಿರ್ಲಿಲ್ಲ. ನೀನೇ ಭಾಳ ಹೊತ್ತು ತಗೊಂಡಿ."