ಸೊಟ್ಟ ಶಿಖರ, ಮಾವನ ಎಡಗಾಲಿನ ಶೂ

ನಮ್ಮ ಮಾವ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಆದರೂ ಯಾವ ಕಟ್ಟಡ ಕಂಡರೂ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅದರ ಮೂಲೆ ನೋಡುತ್ತಾರೆ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿರುವ ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ದಿನವೇ "ಬಾತ್‌ರೂಮ್ ನೆಲದ ವಾಟ ಸರಿಯಿಲ್ಲ" ಎಂದು ವರದಿ ಕೊಟ್ಟಿದ್ದರು. ಅಂಥವರನ್ನು ನಾನು ಚೆಸ್ಟರ್‌ಫೀಲ್ಡಿಗೆ ಕರೆದುಕೊಂಡು ಹೋಗಬಾರದಿತ್ತು.

ರೈಲು ಊರು ಮುಟ್ಟುವ ಮೊದಲೇ ಕಿಟಕಿಯಲ್ಲಿ ಆ ಶಿಖರ ಕಾಣಿಸಿತು. ಮಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇದೇನ್ರೀ, ಹಿಂಡಿದ ಬಟ್ಟೆ ಥರ ಇದೆ!"

ತಪ್ಪು ಅವರ ಕಣ್ಣಿನದಲ್ಲ. ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಚರ್ಚಿನ ಶಿಖರ ಇರುವುದೇ ಹಾಗೆ. ಎತ್ತರ 228 ಅಡಿ. ಅದು 45 ಡಿಗ್ರಿ ತಿರುಚಿಕೊಂಡಿದೆ. ಸಾಲದ್ದಕ್ಕೆ ತುದಿ ಒಂಬತ್ತು ಅಡಿಗಿಂತ ಜಾಸ್ತಿ ಪಕ್ಕಕ್ಕೆ ವಾಲಿದೆ. 1362ರ ಸುಮಾರಿಗೆ ಕಟ್ಟಿದ್ದು. ಡರ್ಬಿಶೈರ್‌ನಲ್ಲೇ ಅತಿ ದೊಡ್ಡ ಚರ್ಚ್ ಇದು. ಆದರೆ ಊರಿನವರಿಗೆ ಅಭಿಮಾನ ಇರುವುದು ಆ ಸೊಟ್ಟದ ಮೇಲೆ. ಅವರ ಫುಟ್‌ಬಾಲ್ ತಂಡಕ್ಕೂ ಅಡ್ಡಹೆಸರು 'ಸ್ಪೈರೈಟ್ಸ್', ಅಂದರೆ ಶಿಖರದವರು.

"ತೂಗುಗುಂಡು ಬಿಟ್ಟು ನೋಡೋರು ಒಬ್ಬರೂ ಇರಲಿಲ್ವಾ?" ಮಾವನಿಗೆ ಒಳಗೊಳಗೇ ಸಂಕಟ.

ಮೊದಲು ಫೋಟೋ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರ ಕೈಗೆ ಫೋನ್ ಕೊಟ್ಟೆ. ಪಾಪ, ಒಳ್ಳೆಯ ಮನುಷ್ಯ. ಫೋನನ್ನು ಆ ಕಡೆ ಈ ಕಡೆ ತಿರುಗಿಸಿ, ತುಂಬ ಮುತುವರ್ಜಿಯಿಂದ ತೆಗೆದುಕೊಟ್ಟ. ಆಮೇಲೆ ನೋಡಿದರೆ ಶಿಖರ ಸುಮಾರಾಗಿ ನೆಟ್ಟಗಿದೆ! ನಾನು, ಹೆಂಡತಿ, ಮಾವ ಮೂವರೂ ಜಾತ್ರೆಯಿಂದ ಕುಡಿದು ಬರುತ್ತಿರುವವರ ಹಾಗೆ ವಾಲಿಕೊಂಡಿದ್ದೇವೆ.

ಇನ್ನು ಒಳಗೆ. ದೇವರಿರುವ ಜಾಗ ಎಂದು ಮಾವ ಬಾಗಿಲಲ್ಲೇ ಶೂ ಬಿಟ್ಟರು. ಬೇಕಿಲ್ಲ ಎಂದರೂ ಕೇಳಲಿಲ್ಲ. ಬಿಟ್ಟಿದ್ದಾದರೂ ಹೇಗೆ? ನಮ್ಮ ದೇವಸ್ಥಾನಗಳ ಅನುಭವಸ್ಥರಲ್ವಾ, ಬಲಗಾಲಿನದು ಇಲ್ಲಿ, ಎಡಗಾಲಿನದು ಇನ್ನೆಲ್ಲೋ. ಒಂದೇ ಶೂ ಯಾವ ಕಳ್ಳನಿಗೂ ಬೇಡ, ಅದು ಅವರ ಸಿದ್ಧಾಂತ.

ಕಲ್ಲಿನ ನೆಲ ಐಸಿನಂತೆ ಕೊರೆಯುತ್ತಿತ್ತು. ಮಾವ ಸಾಕ್ಸಿನ ತುದಿಗಾಲಲ್ಲಿ ನಡೆದರು. ನನಗೂ ನಡಿಗೆ ಸರಿಯಿರಲಿಲ್ಲ. ಹೊಸ ಶೂ ಹಿಮ್ಮಡಿ ಕಚ್ಚಿ ಬೊಬ್ಬೆ ಎದ್ದಿತ್ತು. ಕುಂಟುತ್ತಲೇ ಕಥೆ ಶುರು ಮಾಡಿದೆ. ಪಕ್ಕದ ಬೋಲ್ಸೋವರ್‌ನಲ್ಲಿ ಒಬ್ಬ ಕಮ್ಮಾರ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆಯನ್ನು ಮಾಂಸಕ್ಕೇ ಇಳಿಸಿದನಂತೆ. ಸೈತಾನ ನೋವು ತಾಳಲಾರದೆ ಹಾರುತ್ತಾ ಬಂದು ಈ ಶಿಖರಕ್ಕೆ ಒದ್ದನಂತೆ. ಆ ದಿನ ನನಗೆ ಸೈತಾನನ ಮೇಲೆ ತುಂಬಾ ಕನಿಕರ ಬಂತು. ಇನ್ನೊಂದು ಕಥೆಯಲ್ಲಿ, ಶಿಖರಕ್ಕೆ ಬಾಲ ಸುತ್ತಿಕೊಂಡು ಕೂತಿದ್ದಾಗ ಧೂಪದ ಹೊಗೆ ಮೂಗಿಗೆ ಹೋಗಿ ಸೀನಿದ, ಆ ಹೊಡೆತಕ್ಕೆ ತಿರುಚಿತು. ಮೂರನೆಯದರಲ್ಲಿ ಒಬ್ಬ ಮದುಮಗಳ ಕನ್ಯತ್ವದ ವಿಷಯ ಬರುತ್ತದೆ. ಮಾವನ ಮುಂದೆ ಹೇಳುವಂಥದ್ದಲ್ಲ. "ಮದುವೆ ನೋಡೋಕೆ ಶಿಖರ ಬಗ್ಗಿತಂತೆ" ಎಂದಷ್ಟೇ ಹೇಳಿ ದಾಟಿಸಿದೆ.

"ಕಥೆ ಬಿಡಿ, ಕಾರಣ ಹೇಳಿ" ಎಂದರು.

ಕಾರಣಗಳೂ ಇವೆ. 1348ರಲ್ಲಿ ಇಂಗ್ಲೆಂಡಿಗೆ ಮಹಾ ಪ್ಲೇಗ್ ಬಂತು. ನುರಿತ ಬಡಗಿಗಳು ಸತ್ತುಹೋಗಿ, ಕೆಲಸ ಅರೆಬರೆ ಕಲಿತವರ ಕೈಗೆ ಬಿತ್ತು ಅಂತ ಒಂದು ಅಂದಾಜು. ಒಳಗಿನ ಮರದ ಚೌಕಟ್ಟಿಗೆ ಸಾಕಷ್ಟು ಅಡ್ಡಪಟ್ಟಿ ಕೊಟ್ಟಿಲ್ಲ. ಬಳಸಿದ್ದು ಹಸಿ ಓಕ್ ಮರ. ಆಗ ಎಲ್ಲರೂ ಹಸಿ ಮರದಲ್ಲೇ ಕಟ್ಟುತ್ತಿದ್ದರು, ಕಡಿಯಲು ಕೆತ್ತಲು ಸುಲಭ ಅಂತ. ಆದರೆ ಇಲ್ಲಿ ಮೇಲಿನಿಂದ ಸುಮಾರು 33 ಟನ್ ಸೀಸದ ಹೊದಿಕೆ ಬೇರೆ. ದಕ್ಷಿಣದ ಬಿಸಿಲಿಗೆ ಒಂದು ಕಡೆಯ ಸೀಸ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡೆಯದು ಅಷ್ಟಿಲ್ಲ. ಒಣಗುವ ಮರ ಬಾಗದೆ ಏನು ಮಾಡೀತು? 1961ರ ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದು, 1756ರ ಹಳೆಯ ಆರ್ಗನ್ ವಾದ್ಯ ಸುಟ್ಟುಹೋಯಿತು. ಶಿಖರ ಮಾತ್ರ ಹಾಗೇ ಉಳಿಯಿತು.

"ಹಸಿ ಮರ!" ಮಾವ ಅಷ್ಟನ್ನೇ ಹಿಡಿದುಕೊಂಡರು. "ಮೂಲದೋಷ ಅಲ್ಲೇ ಇದೆ. ಮರ ಒಣಗೋವರೆಗೆ ಕಾಯೋ ತಾಳ್ಮೆ ಬೇಕು ರೀ."

ನನ್ನ ಹೆಂಡತಿ ಕೆಮ್ಮಿದಳು.

ಹೊರಗೆ ಬಂದರೆ ಬಲಗಾಲಿನ ಶೂ ಇದೆ, ಎಡಗಾಲಿನದು ಇಲ್ಲ. ಇಟ್ಟಿದ್ದೆಲ್ಲಿ ಅಂತ ಇಟ್ಟವರಿಗೇ ನೆನಪಿಲ್ಲ. ಅರ್ಧ ಗಂಟೆ ಮೂವರೂ ಬಗ್ಗಿ ಬಗ್ಗಿ ಹುಡುಕಿದೆವು. ಶಿಖರ ನೋಡಲು ಬಂದ ಪ್ರವಾಸಿಗಳು ನಮ್ಮನ್ನು ನೋಡಿ ತಾವೂ ನೆಲ ನೋಡತೊಡಗಿದರು, ಇಲ್ಲೂ ಏನೋ ಸೊಟ್ಟ ಇರಬೇಕು ಅಂತ. ಕೊನೆಗೆ ಸಿಕ್ಕಿದ್ದು ಹೊರಗೋಡೆಯ ಸಂದಿಯಲ್ಲಿ, ಒಂದು ಹೂಕುಂಡದ ಹಿಂದೆ.

ಬೆಂಚಿನ ಮೇಲೆ ಕೂತು ಅರಸೀಕೆರೆಗೆ ವಿಡಿಯೋ ಕಾಲ್ ಮಾಡಿದೆವು. ಅತ್ತೆ ಚಳಿಗೆ ಹೆದರಿ ನಮ್ಮ ಕಡೆ ಬಂದಿರಲಿಲ್ಲ. ಮಾವ ಫೋನನ್ನು ಶಿಖರದ ಕಡೆ ತಿರುಗಿಸಿ, ಆ ಕಾಲದ ಬಡಗಿಗಳ ಬೇಜವಾಬ್ದಾರಿಯನ್ನು ಸವಿಸ್ತಾರವಾಗಿ ಬಣ್ಣಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಸರಿ, ಒಂದ್ನಿಮಿಷ ಇರಿ, ದೀಪ ಹಚ್ಚೋ ಹೊತ್ತಾಯ್ತು" ಎಂದು ಫೋನ್ ಮೇಜಿನ ಮೇಲಿಟ್ಟರು.

ಆ ದೇವರ ಮನೆ ಬಾಗಿಲು ಮಾಡಿಸಿದ್ದು ಮಾವನೇ. ಗೃಹಪ್ರವೇಶದ ಮುಹೂರ್ತಕ್ಕೆ ಆಗಲೇಬೇಕೆಂದು ಅವಸರ ಮಾಡಿ, ಆಗಷ್ಟೇ ಕೊಯ್ದ ಹಲಸಿನ ಹಲಗೆಯಲ್ಲಿ.

ಫೋನಿನಲ್ಲಿ ಛಾವಣಿ ಮಾತ್ರ ಕಾಣಿಸುತ್ತಿತ್ತು. ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. ಧಡ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಧಡ್. ಆಮೇಲೆ ಭುಜ ಕೊಟ್ಟು ತಳ್ಳಿದ ಉಸಿರು.

ಮಾವ ತಲೆಯೆತ್ತಿ ಶಿಖರವನ್ನೇ ನೋಡುತ್ತಿದ್ದರು. ಈ ಸಲ ಎರಡೂ ಕಣ್ಣು ತೆರೆದು.