ತಾಯಿಯನ್ನು ನೋಡದೆ ಮರಿ ತರಬೇಡಿ

ಮಂಡ್ಯ ಕಡೆಯ ರೈತ ಹಳ್ಳಿಕಾರ್ ಕರು ಕೊಳ್ಳಲು ಮುಡುಕುತೊರೆ ಜಾತ್ರೆಗೋ ಹೇಮಗಿರಿ ಜಾತ್ರೆಗೋ ಹೋದರೆ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಯಾವ ಹಸುವಿನದು, ಯಾವ ಹೋರಿಯದು ಎಂದು ವಿಚಾರಿಸುತ್ತಾನೆ. ಅದೇ ಮನೆಯವರು ಲ್ಯಾಬ್ರಡಾರ್ ಮರಿ ಬೇಕೆಂದಾಗ ವಾಟ್ಸ್ಆ್ಯಪ್‌ನಲ್ಲಿ ಬಂದ ಎರಡು ಫೋಟೊ ನೋಡಿ, ಮುಂಗಡ ಹಾಕಿ, ಮದ್ದೂರಿನ ಹತ್ತಿರ ಹೆದ್ದಾರಿ ಪಕ್ಕ ಕಾರು ನಿಲ್ಲಿಸಿಕೊಂಡು ರಟ್ಟಿನ ಡಬ್ಬದಲ್ಲಿ ಮರಿ ಇಸಿದುಕೊಂಡು ಬರುತ್ತಾರೆ. ಹನ್ನೆರಡು ವರ್ಷ ಮನೆಯಲ್ಲಿರಬೇಕಾದ ಜೀವ ಅದು. ಅದರ ತಾಯಿ ಎಲ್ಲಿದೆ, ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವ ಮಂಡ್ಯದವನು. ಇಲ್ಲಿಯದೆಲ್ಲ ಸರಿ, ಊರಿನದೆಲ್ಲ ತಪ್ಪು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ ಮರಿ ಕೊಳ್ಳುವ ವಿಷಯದಲ್ಲಿ ಇಲ್ಲಿಯ ಜನ ಹಿಡಿದಿರುವ ಒಂದು ಹಟವನ್ನು ಮೈಸೂರು, ಮಂಡ್ಯದವರೂ ಹಿಡಿಯಲೇಬೇಕು ಅನ್ನಿಸುತ್ತದೆ: ಮರಿ ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆಗೇ ಅದನ್ನು ನೋಡಬೇಕು.

ಇಲ್ಲಿ ಇದಕ್ಕೆ ಕಾನೂನೇ ಇದೆ. ವೇಲ್ಸ್‌ನ ಒಂದು ಮರಿ ಕಾರ್ಖಾನೆಯಿಂದ 2013ರಲ್ಲಿ ಬಿಡಿಸಿ ತಂದ ಲೂಸಿ ಎಂಬ ಕ್ಯಾವಲಿಯರ್ ಸ್ಪ್ಯಾನಿಯಲ್ ತಳಿಯ ನಾಯಿಯ ಹೆಸರಿನಲ್ಲಿ ಅದನ್ನು ಲೂಸಿ ಲಾ ಎನ್ನುತ್ತಾರೆ. 2020ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿ ವ್ಯಾಪಾರಿ ಮಾರುವಂತಿಲ್ಲ. ಸಾಕಿದವರೇ ಮಾರಬೇಕು, ತಾಯಿಯ ಜೊತೆ ತೋರಿಸಬೇಕು. ವರ್ಷಕ್ಕೆ ಮೂರು ಅಥವಾ ಹೆಚ್ಚು ಸೂಲು ಮರಿ ಹಾಕಿಸುವವರು ಸ್ಥಳೀಯ ಕೌನ್ಸಿಲ್‌ನಿಂದ ಲೈಸೆನ್ಸ್ ಪಡೆದಿರಬೇಕು. ಮರಿಗೆ ಎಂಟು ವಾರ ತುಂಬುವುದರೊಳಗೆ ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿ ಮೊದಲು ಬ್ರೀಡರ್, ಅಂದರೆ ಮರಿ ಹಾಕಿಸಿದವರ, ಹೆಸರಿನಲ್ಲಿಯೇ ದಾಖಲಿಸಬೇಕು. ಆಮೇಲೆ ಎಷ್ಟು ಕೈ ಬದಲಾದರೂ ಮರಿ ಹುಟ್ಟಿದ್ದು ಯಾರ ಮನೆಯಲ್ಲಿ ಎಂಬುದು ಅಳಿಯುವುದಿಲ್ಲ.

ಇನ್ನು ನಮ್ಮ ಕಡೆ ಕಾನೂನೇ ಇಲ್ಲ ಎಂದುಕೊಂಡವರು ಬಹಳ. ಹಾಗೇನಿಲ್ಲ. ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿಯೇ ನಿಯಮ ಮಾಡಿದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರವನ್ನು ಎದುರಿಗೆ ಕಾಣುವಂತೆ ಹಾಕಿರಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಕ್ರಾಸ್ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ, ಚಿಪ್ ಇಲ್ಲದೆ ಮಾರುವಂತಿಲ್ಲ. ಓದಿದರೆ ಇಂಗ್ಲೆಂಡಿನ ನಿಯಮಕ್ಕೆ ಏನೂ ಕಡಿಮೆಯಿಲ್ಲ. ವ್ಯತ್ಯಾಸ ಇರುವುದು ಕೊಳ್ಳುವವರಲ್ಲಿ. ಇಲ್ಲಿ ತಾಯಿಯನ್ನು ತೋರಿಸದಿದ್ದರೆ ಜನ ಎದ್ದು ಬರುತ್ತಾರೆ. ನಮ್ಮಲ್ಲಿ ‘ನೋಂದಣಿ ಪತ್ರ ತೋರಿಸಿ’ ಎಂದು ಕೇಳುವುದಕ್ಕೇ ಸಂಕೋಚ.

ಕಾಯುವ ಅಭ್ಯಾಸವೂ ಬೇರೆ. ನಾಯಿಯ ಗರ್ಭ ಸುಮಾರು 63 ದಿನ. ಹುಟ್ಟಿದ ಮೇಲೆ ಎಂಟು ವಾರ, ಅಂದರೆ 56 ದಿನ, ಮರಿ ತಾಯಿಯ ಹತ್ತಿರ ಇರಬೇಕು. ಕ್ರಾಸ್ ಆದ ದಿನದಿಂದ ಮರಿ ನಿಮ್ಮ ಮನೆಗೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿರುತ್ತದೆ. ಎರಡೋ ಮೂರೋ ಹೆಣ್ಣು ನಾಯಿ ಇಟ್ಟುಕೊಂಡು, ವರ್ಷಕ್ಕೊಂದೇ ಸೂಲು ತೆಗೆಯುವವರ ಹತ್ತಿರ ವರ್ಷವಿಡೀ ಮರಿ ಇರಲು ಸಾಧ್ಯವೇ ಇಲ್ಲ. ‘ಲ್ಯಾಬ್ ಇದೆ, ಗೋಲ್ಡನ್ ಇದೆ, ಶಿಟ್ಜು ಇದೆ, ಹಸ್ಕಿ ಬೇಕಾದರೆ ಭಾನುವಾರ ತರಿಸಿಕೊಡ್ತೀನಿ’ ಎನ್ನುವವನು ಬ್ರೀಡರ್ ಅಲ್ಲ, ಎಲ್ಲಿಂದಲೋ ತಂದು ಮಾರುವವನು. ಒಳ್ಳೆಯ ಬ್ರೀಡರ್ ಒಂದು ತಳಿ, ಹೆಚ್ಚೆಂದರೆ ಎರಡು ತಳಿ ಇಟ್ಟುಕೊಂಡಿರುತ್ತಾರೆ. ಹೋದ ಕೂಡಲೇ ಮರಿ ಕೊಡುವುದಿಲ್ಲ, ಹೆಸರು ಬರೆದುಕೊಳ್ಳುತ್ತಾರೆ. ಮೈಸೂರಿನಲ್ಲಿಯೂ ಅಂಥವರು ಇದ್ದಾರೆ. ಡಾಗ್ ಶೋಗಳಲ್ಲಿ, ರೈತ ದಸರಾದ ಮುದ್ದು ಪ್ರಾಣಿಗಳ ಪ್ರದರ್ಶನದಲ್ಲಿ ಒಳ್ಳೆಯ ನಾಯಿ ಹಿಡಿದು ನಿಂತವರನ್ನು ಮಾತಾಡಿಸಿ, ಎಲ್ಲಿಂದ ತಂದಿರಿ ಎಂದು ಕೇಳಿ. ನಿಮ್ಮ ಪಶುವೈದ್ಯರನ್ನೂ ಕೇಳಿ; ಯಾರ ಮನೆಯ ಮರಿಗಳು ಮೇಲಿಂದ ಮೇಲೆ ಕಾಯಿಲೆಯಾಗಿ ಬರುತ್ತವೆ ಎಂಬುದು ಅವರಿಗೆ ಗೊತ್ತಿರುತ್ತದೆ.

ತಾಯಿ ಎಂದು ತೋರಿಸಿದ ನಾಯಿ ನಿಜವಾಗಿಯೂ ತಾಯಿಯೇ ಎಂದು ನೋಡುವುದು ಕಷ್ಟವಲ್ಲ. ಎಂಟು ವಾರ ಹಾಲೂಡಿಸಿದ ನಾಯಿ ಇಳಿದುಹೋಗಿರುತ್ತದೆ. ಮೈಮೇಲಿನ ಕೂದಲು ಉದುರಿ ಬಾಲ, ತೊಡೆ ತೆಳ್ಳಗೆ ಕಾಣುತ್ತವೆ. ಮೊಲೆಗಳು ಇನ್ನೂ ಜೋತು ಬಿದ್ದಿರುತ್ತವೆ, ಮರಿಗಳ ಉಗುರು ತಗುಲಿ ಸುತ್ತ ಗೀರುಗಳಿರುತ್ತವೆ. ಮರಿಗಳು ಕಂಡ ಕೂಡಲೇ ಹೊಟ್ಟೆ ಕೆಳಗೆ ನುಗ್ಗುತ್ತವೆ, ಅವಳು ಸಾಕು ಎಂಬಂತೆ ಗುರ್ ಎನ್ನುತ್ತಾಳೆ. ಇದಕ್ಕೆ ಬದಲು ಮೈ ಹೊಳೆಯುವ, ಹೊಟ್ಟೆ ಚಪ್ಪಟೆಯಾಗಿರುವ, ಮರಿಗಳ ಕಡೆ ತಿರುಗಿಯೂ ನೋಡದ ದಷ್ಟಪುಷ್ಟ ನಾಯಿಯನ್ನು ಹಿಡಿದು ತಂದು ‘ಇದೇ ತಾಯಿ’ ಎಂದರೆ ನಂಬಬೇಡಿ. ಜೊತೆಗೆ ಅವಳ ಸ್ವಭಾವ ಗಮನಿಸಿ. ಹೊಸಬರನ್ನು ಕಂಡು ಮೂಲೆಗೆ ಸೇರಿ ನಡುಗುವ ತಾಯಿಯ ಮರಿಗಳಲ್ಲಿ ಆ ಅಂಜಿಕೆ ಬಹಳ ಸಲ ಇಳಿದುಬರುತ್ತದೆ. ಗಂಡು ನಾಯಿ ಅಲ್ಲಿಯೇ ಇಲ್ಲದಿದ್ದರೆ ಅದು ತಪ್ಪಲ್ಲ. ಒಳ್ಳೆಯ ಬ್ರೀಡರ್ ತನ್ನ ಹೆಣ್ಣಿಗೆ ಹೊಂದುವ ಸ್ಟಡ್ ಹುಡುಕಿ ಬೇರೆ ಊರಿಗೆ ಹೋಗಿರಬಹುದು. ಆದರೆ ಅದರ ಹೆಸರು, ನೋಂದಣಿ ಸಂಖ್ಯೆ, ಫೋಟೊ ಕೊಡಬೇಕು.

ಮರಿಯ ವಯಸ್ಸಿನ ಬಗ್ಗೆ ಬಾಯಿಮಾತು ನಂಬುವ ಅಗತ್ಯವೂ ಇಲ್ಲ. ತುಟಿ ಮೇಲೆತ್ತಿ ಹಲ್ಲು ಎಣಿಸಿ. ನಾಯಿಮರಿಗೆ ಹಾಲುಹಲ್ಲು 28: ಮೇಲೆ 14, ಕೆಳಗೆ 14. ಒಂದೊಂದು ಬದಿಯಲ್ಲಿ ಮುಂದೆ ಮೂರು ಸಣ್ಣ ಹಲ್ಲು, ಒಂದು ಕೋರೆ, ಹಿಂದೆ ಮೂರು ದವಡೆ ಹಲ್ಲು. ಕೋರೆ, ಮುಂಭಾಗದ ಹಲ್ಲುಗಳು ತಿಂಗಳಿಗೆಲ್ಲ ಕಾಣಿಸಿಕೊಳ್ಳುತ್ತವೆ. ದವಡೆ ಹಲ್ಲುಗಳು ತಡ. ಎಂಟು ವಾರಕ್ಕೆ ಸಾಮಾನ್ಯವಾಗಿ ಎಲ್ಲವೂ ಬಂದಿರುತ್ತವೆ. ‘ಎರಡು ತಿಂಗಳಾಯ್ತು ಸಾರ್’ ಎಂದು ಕೊಡುವ ಮರಿಯ ಬಾಯಲ್ಲಿ ಹಿಂದಿನ ಒಸಡು ಬೋಳಾಗಿದ್ದರೆ ಅದು ಐದು ವಾರದ ಕೂಸು.

ಐದು ವಾರದ್ದಾದರೆ ಏನು, ಬೇಗ ಹೊಂದಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಇದೇ ನಮ್ಮ ಕಡೆ ಆಗುವ ದೊಡ್ಡ ಅನ್ಯಾಯ. ಐದರಿಂದ ಎಂಟನೇ ವಾರದವರೆಗೆ ಮರಿ ಒಡಹುಟ್ಟಿದವುಗಳನ್ನು ಕಚ್ಚಿ, ಅವುಗಳಿಂದ ಕಚ್ಚಿಸಿಕೊಂಡು, ಎಷ್ಟು ಒತ್ತಿದರೆ ನೋವಾಗುತ್ತದೆ ಎಂದು ಕಲಿಯುತ್ತದೆ. ಅದನ್ನು ಕಲಿಯದೆ ಬಂದ ಮರಿ ಮಕ್ಕಳ ಕೈಯನ್ನು ಬಿಡದೆ ಕಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದು ಮರಿಗಳನ್ನು ಕೊಲ್ಲುವ ವೈರಸ್ ರೋಗ ಪಾರ್ವೊ. ತಾಯಿಯ ಗಿಣ್ಣು ಹಾಲಿನಲ್ಲಿ ಬಂದ ರೋಗನಿರೋಧಕ ಶಕ್ತಿ ಆರನೇ ವಾರದಿಂದ ಕುಗ್ಗುತ್ತಾ ಹೋಗುತ್ತದೆ. ಅದು ಪೂರ್ತಿ ಇಳಿಯುವವರೆಗೂ ಹಾಕಿದ ಲಸಿಕೆಯನ್ನು ಅದೇ ತಡೆದುಬಿಡುವುದೂ ಉಂಟು. ಆದ್ದರಿಂದಲೇ ಮೊದಲ ಲಸಿಕೆ ಆರರಿಂದ ಎಂಟು ವಾರದಲ್ಲಿ, ಆಮೇಲೆ ಮೂರು ನಾಲ್ಕು ವಾರಕ್ಕೊಂದು ಬೂಸ್ಟರ್, ಕೊನೆಯದು 16 ವಾರ ತುಂಬಿದ ಮೇಲೆ. ‘ಒಂದು ಇಂಜೆಕ್ಷನ್ ಆಗಿದೆ, ಇನ್ನೇನೂ ಭಯವಿಲ್ಲ’ ಎಂಬ ಮಾತು ತಪ್ಪು. ಪಾರ್ವೊ ಹೊಕ್ಕ ಮರಿ ಮೂರರಿಂದ ಏಳು ದಿನ ಚೆನ್ನಾಗಿಯೇ ಇರುತ್ತದೆ. ಭಾನುವಾರ ಕುಣಿಯುತ್ತಾ ಮನೆಗೆ ಬಂದ ಮರಿ ಗುರುವಾರ ಊಟ ಬಿಟ್ಟು ಮೂಲೆ ಹಿಡಿಯುತ್ತದೆ; ವಾಂತಿ, ಆಮೇಲೆ ರಕ್ತಭೇದಿ. ವ್ಯಾಪಾರಿ ‘ನಮ್ಮಲ್ಲಿ ಚೆನ್ನಾಗೇ ಇತ್ತು’ ಎನ್ನುತ್ತಾನೆ. ಹತ್ತಾರು ಕಡೆಯ ಮರಿಗಳನ್ನು ಒಂದೇ ಬೋನಿನಲ್ಲಿ ಕೂಡಿಹಾಕಿದ ಜಾಗದಿಂದಲೇ ಅದು ಅಂಟಿಕೊಂಡು ಬಂದಿರುತ್ತದೆ. ಪಾರ್ವೊದಿಂದ ಮರಿ ಸತ್ತ ಮನೆಯಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್ ಹಾಕಿ ಒರೆಸಿದರೆ ಸಾಲದು. 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲುವಂತೆ ಬಿಡಬೇಕು. ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ಆ ಅಂಗಳಕ್ಕೆ ತರಲೇಬಾರದು.

ಪೇಪರ್ ವಿಷಯಕ್ಕೆ ಬರೋಣ. ತಳಿ ನಾಯಿಗಳನ್ನು ನೋಂದಾಯಿಸುವ, ಚೆನ್ನೈನಲ್ಲಿ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರವನ್ನು ಊರಿನಲ್ಲಿ ‘ಕೆ.ಸಿ.ಐ. ಪೇಪರ್’ ಎನ್ನುತ್ತಾರೆ. ಪೇಪರ್ ಸಮೇತ ಒಂದು ರೇಟು, ಪೇಪರ್ ಇಲ್ಲದೆ ಒಂದು ರೇಟು ಎಂದರೆ ಅಲ್ಲಿಂದ ಎದ್ದು ಬನ್ನಿ. ನೋಂದಣಿ ಮಾಡಿಸುವುದು ಇಡೀ ಸೂಲನ್ನು. ಒಂದೇ ಸೂಲಿನಲ್ಲಿ ಒಂದು ಮರಿಗೆ ಪೇಪರ್ ಇದ್ದು ಇನ್ನೊಂದಕ್ಕೆ ಇಲ್ಲದಿರಲು ಪ್ರಾಮಾಣಿಕ ಕಾರಣ ನನಗಂತೂ ಕಾಣದು. ಪೇಪರಿನ ಮೇಲಿನ 15 ಅಂಕಿಯ ಚಿಪ್ ಸಂಖ್ಯೆಯನ್ನು ಸ್ಕ್ಯಾನರ್ ಹಿಡಿದು ಮರಿಯ ಭುಜದ ನಡುವೆ ಓದಿಸಿ ತಾಳೆ ನೋಡಿ, ಆಮೇಲೆ ಬಾಕಿ ಹಣ ಕೊಡಿ. ಮಾಲೀಕತ್ವ ವರ್ಗಾವಣೆ ಫಾರಂಗೆ ಬ್ರೀಡರ್ ಸಹಿಯನ್ನು ಅವತ್ತೇ ಹಾಕಿಸಿಕೊಳ್ಳಿ. ‘ಪೋಸ್ಟಿನಲ್ಲಿ ಬರುತ್ತೆ’ ಎಂದದ್ದು ಬರುವುದಿಲ್ಲ.

ಆದರೆ ಪೇಪರ್ ಹೇಳುವುದು ವಂಶವನ್ನು, ಆರೋಗ್ಯವನ್ನಲ್ಲ. ಇಂಗ್ಲೆಂಡಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದು. ಲ್ಯಾಬ್, ಗೋಲ್ಡನ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ವಂಶದಲ್ಲಿ ಬರುತ್ತದೆ. ಎಂಟು ವಾರದ ಮರಿಯನ್ನು ನೋಡಿ ಅದನ್ನು ಹೇಳಲಾಗದು. ಇಲ್ಲಿ ವರ್ಷ ತುಂಬಿದ ನಾಯಿಯ ಎಕ್ಸ್‌ರೇ ತೆಗೆಸಿ ಪರಿಣತರಿಂದ ಅಂಕ ಹಾಕಿಸುತ್ತಾರೆ: ಒಂದೊಂದು ಕೀಲಿಗೆ 0ಯಿಂದ 53, ಎರಡೂ ಸೇರಿ 106, ಕಡಿಮೆ ಇದ್ದಷ್ಟು ಒಳ್ಳೆಯದು. ತಂದೆ ತಾಯಿ ಇಬ್ಬರ ಅಂಕವನ್ನೂ ಕೊಳ್ಳುವವರು ಕೇಳುತ್ತಾರೆ. ನಮ್ಮಲ್ಲಿ ಕೇಳುವುದು ‘ಹೆವಿ ಬೋನಾ, ಡಬಲ್ ಬೋನಾ’ ಎಂದು. ಡಬಲ್ ಬೋನ್ ಎಂಬುದು ನಾಯಿಯಲ್ಲಿ ಇಲ್ಲ, ಅದು ಮಾರುವವರ ಮಾತು. ಮರಿಯ ಮಣಿಕಟ್ಟು ಗಂಟುಗಂಟಾಗಿ ಊದಿದ್ದರೆ ಅದು ಪೋಷಣೆ ತಪ್ಪಿದ ಗುರುತೂ ಆಗಿರಬಹುದು. ದಪ್ಪ ಕಾಣಲಿ ಎಂದು ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಟಾನಿಕ್ ಹುಯ್ಯುವುದರಿಂದ ಮೂಳೆ ಕೆಡುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ನಾಯಿಗೆ ಎಕ್ಸ್‌ರೇ ತೆಗೆಸುವುದು ಕಷ್ಟವಲ್ಲ. ತಾಯಿಯ ಸೊಂಟದ ಎಕ್ಸ್‌ರೇ ಇದೆಯೇ ಎಂದು ನಾಲ್ಕು ಜನ ಕೇಳತೊಡಗಿದರೆ ಬ್ರೀಡರ್‌ಗಳು ತೆಗೆಸುತ್ತಾರೆ.

ಇಂಗ್ಲೆಂಡನ್ನು ಕಣ್ಣು ಮುಚ್ಚಿ ಅನುಸರಿಸಬಾರದ ಜಾಗವೂ ಇದೆ. ಚಪ್ಪಟೆ ಮುಖದ ಪಗ್, ಬುಲ್‌ಡಾಗ್‌ಗಳನ್ನು ಈ ಸ್ಥಿತಿಗೆ ತಂದದ್ದೇ ಇಲ್ಲಿಯ ಶೋ ಪದ್ಧತಿ. ಮೂಗಿನ ಹೊಳ್ಳೆ ಸೀಳಿನಷ್ಟು, ಗಂಟಲಲ್ಲಿ ಜಾಸ್ತಿ ಮಾಂಸ, ಉಸಿರೇ ಹೋರಾಟ. 2019ರಿಂದ ಉಸಿರಾಟಕ್ಕೆ 0ಯಿಂದ 3ರವರೆಗೆ ದರ್ಜೆ ಕೊಡುವ ಪರೀಕ್ಷೆ ಬಂದಿದೆ, ಆದರೆ ಅದು ತಡವಾಗಿ ಬಂದ ಬುದ್ಧಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ತೇಕುವುದರಿಂದ. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ಮಂಡ್ಯದಲ್ಲಿ ಉಸಿರಾಡಲಾಗದ ನಾಯಿಯ ಗತಿ ಏನು? ಎರಡು ಪದರ ಕೂದಲಿನ ಹಸ್ಕಿಗೂ ಅದು ತಕ್ಕ ಊರಲ್ಲ. ಮುಧೋಳ ನಮ್ಮದೇ ತಳಿ, ಬಿಸಿಲು ತಡೆಯುತ್ತದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಅದು ಓಡುವ ನಾಯಿ. ಮಂಡ್ಯದ ತೋಟದ ಮನೆಗೆ ಒಪ್ಪುತ್ತದೆ, ಕುವೆಂಪುನಗರದ 30×40 ಸೈಟಿನ ಗೇಟಿಗೆ ಕಟ್ಟಿಹಾಕುವುದಕ್ಕಲ್ಲ. ಉಣ್ಣಿ ಜ್ವರ, ರೇಬೀಸ್ ಕೂಡ ಇಂಗ್ಲೆಂಡಿನ ಪುಸ್ತಕ ನೋಡಿ ನಿಭಾಯಿಸುವ ವಿಷಯಗಳಲ್ಲ. ಮೂರು ತಿಂಗಳು ತುಂಬಿದ ಕೂಡಲೇ ರೇಬೀಸ್ ಲಸಿಕೆ, ವರ್ಷವಿಡೀ ಉಣ್ಣಿ ಔಷಧಿ ನಮ್ಮ ಊರಿನ ಲೆಕ್ಕ.

ಬ್ರೀಡರ್ ನಿಮ್ಮನ್ನೇ ಪ್ರಶ್ನೆ ಮಾಡಿದರೆ ಬೇಸರಪಡಬೇಡಿ. ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ, ಮಾಂಸ ಮೊಟ್ಟೆ ಕೊಡುತ್ತೀರಾ ಎಂದು ಕೇಳುವವರು ಮರಿಯ ಬಗ್ಗೆ ಕಾಳಜಿ ಇರುವವರು. ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಹುಟ್ಟಿದ ದಿನ, ತಂದೆ ತಾಯಿ ನೋಂದಣಿ ಸಂಖ್ಯೆ, ಚಿಪ್ ಸಂಖ್ಯೆ, ಜಂತುಹುಳು ಔಷಧಿ ಕೊಟ್ಟ ದಿನಗಳು, ಲಸಿಕೆ ಬಾಟಲಿಯ ಸ್ಟಿಕ್ಕರ್ ಅಂಟಿಸಿದ ಪುಸ್ತಕ, ಮೂರು ದಿನದೊಳಗೆ ವೈದ್ಯರು ದೋಷ ಕಂಡರೆ ಹಣ ವಾಪಸ್. ಇಲ್ಲಿಯ ಒಳ್ಳೆಯ ಬ್ರೀಡರ್‌ಗಳು ಇನ್ನೊಂದು ಸಾಲು ಸೇರಿಸುತ್ತಾರೆ: ಯಾವ ವಯಸ್ಸಿನಲ್ಲಾಗಲಿ ಸಾಕಲು ಆಗದಿದ್ದರೆ ನಾಯಿ ನಮಗೇ ವಾಪಸ್ ಬರಬೇಕು, ಮಾರಬಾರದು, ಬೀದಿಗೆ ಬಿಡಬಾರದು. ಈ ಸಾಲಿಗೆ ಸಹಿ ಹಾಕುವ ಬ್ರೀಡರ್ ಸಿಕ್ಕರೆ ಆರು ತಿಂಗಳು ಹೆಚ್ಚು ಕಾಯಬೇಕಾದರೂ ಕಾಯಿರಿ. ಕಾಯಲು ಆಗದವರಿಗೆ ಬೀದಿಯಲ್ಲಿ ಹುಟ್ಟಿದ ಆರೋಗ್ಯವಂತ ನಾಟಿ ಮರಿ ಇದೆ. ವ್ಯಾಪಾರಿಯ ಬೋನಿನ ಮರಿಗಿಂತ ಎಷ್ಟೋ ಮೇಲು.

ತರುವ ದಿನ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದೊಳಗೆ ಮನೆ ಸೇರಿ. ನೇರ ವೈದ್ಯರ ಹತ್ತಿರ ಹೋದರೆ ಕಾಯುವ ಜಾಗದಲ್ಲಿ ನೆಲಕ್ಕೆ ಬಿಡದೆ ತೊಡೆ ಮೇಲೆ ಇಟ್ಟುಕೊಳ್ಳಿ. ಒಸಡು ಬಿಳಚಿದೆಯೇ, ಹೊಕ್ಕುಳ ಹತ್ತಿರ ಉಬ್ಬಿದೆಯೇ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ, ಗಂಡಾದರೆ ಎರಡೂ ಬೀಜ ಇಳಿದಿವೆಯೇ ಎಂದು ನೋಡಲು ಹೇಳಿ. ಮೊದಲ ವಾರ ಬ್ರೀಡರ್ ಕೊಡುತ್ತಿದ್ದ ಆಹಾರವನ್ನೇ ದಿನಕ್ಕೆ ನಾಲ್ಕು ಸಲ ಕೊಡಿ, ಬದಲಿಸುವುದಿದ್ದರೆ ಆಮೇಲೆ ಏಳೆಂಟು ದಿನಗಳಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ಮಾಡುತ್ತದೆ. ಬರೀ ಹಾಲು ಅನ್ನ, ಮೊಸರನ್ನದಲ್ಲಿ ಬೆಳೆದ ಮರಿಗೆ ಮೂಳೆ ಗಟ್ಟಿಯಾಗುವುದಿಲ್ಲ. ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್ ಮೇಲೆ ಮರಿಯ ಕಾಲು ಜಾರಿ ಅಗಲವಾಗುತ್ತದೆ. ಅದು ಓಡಾಡುವ ಕಡೆ ರಬ್ಬರ್ ಚಾಪೆ ಹಾಸಿ, ಮೂರು ತಿಂಗಳವರೆಗೆ ಮೆಟ್ಟಿಲನ್ನು ಎತ್ತಿಕೊಂಡೇ ಹತ್ತಿಸಿ.