ಕಾಂಬೋ ವಿಷಯ ಬಿಟ್ಟೇ ಹೋಯಿತಲ್ಲ!

ಸ್ಟ್ರೀಟ್ ಫೈಟರ್ 2 ಅನ್ನೋ ಹೊಡೆದಾಟದ ವಿಡಿಯೊ ಗೇಮ್ ಇಷ್ಟು ವರ್ಷ ಉಳಿದಿದ್ದು ಅದರ ಪಾತ್ರಗಳಿಂದ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುತ್ತೇನೆ, ಆದರೆ ಕಾಂಬೋ, ಅಂದರೆ ಎದುರಾಳಿಗೆ ತಡೆಯಲು ಬಿಡದೆ ಒಂದರ ಬೆನ್ನಿಗೊಂದು ಸೇರುವ ಹೊಡೆತಗಳ ಬಗ್ಗೆ ಒಂದು ಮಾತೂ ಇಲ್ವಲ್ಲ! 1991ರಲ್ಲಿ ಈ ಗೇಮ್ ತಂದ ಕಂಪನಿ ಕ್ಯಾಪ್‌ಕಾಮ್ ಅದನ್ನು ಬೇಕಂತ ಇಟ್ಟಿದ್ದಲ್ಲ. ಕಾರು ಒಡೆಯುವ ಬೋನಸ್ ಹಂತ ನೋಡುವಾಗ ಒಂದು ಹೊಡೆತದ ಬೆನ್ನಿಗೇ ಇನ್ನೊಂದು ಸೇರಿಕೊಳ್ಳುತ್ತಿದ್ದದ್ದು ನಿರ್ಮಾಪಕ ನೊರಿಟಾಕಾ ಫುನಾಮಿಜು ಕಣ್ಣಿಗೆ ಬಿತ್ತು, ಆ ಗಳಿಗೆಗೆ ಸರಿಯಾಗಿ ಬಟನ್ ಒತ್ತುವುದು ತುಂಬಾ ಕಷ್ಟ ಅಂತ ಹಾಗೇ ಬಿಟ್ಟರು. ಆಡುವವರು ಬಿಡುತ್ತಾರಾ? ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಓರೆಯಾಗಿ ಮುಂದಕ್ಕೆ ಜಾರಿಸಿ ಪಂಚ್ ಒತ್ತಿದರೆ ರ‍್ಯೂ ಅನ್ನೋ ಪಾತ್ರದ ಕೈಯಿಂದ ಹಡೋಕೆನ್ ಅನ್ನೋ ಶಕ್ತಿಯ ಉಂಡೆ ಹೊರಡುತ್ತದೆ. ಅದನ್ನೇ ಒಂದು ಒದೆತದ ಬೆನ್ನಿಗೆ ಅಂಟಿಸಿದರೆ ಎದುರಾಳಿಗೆ ತಡೆಯಲು ಸಮಯವೇ ಇರಲ್ಲ. ಈಗ ಕಾಂಬೋ ಇಲ್ಲದ ಫೈಟಿಂಗ್ ಗೇಮ್ ಹುಡುಕಿದರೂ ಸಿಗುವುದು ಕಷ್ಟ ಅಲ್ವಾ? ದಯವಿಟ್ಟು ಇದನ್ನೂ ಸೇರಿಸಿ.